ಕರ್ಬಾಬಾದಿನ ತೊಟ್ಟಿಲು

ಈಜುಕೊಳದ ಸುತ್ತ ನಲವತ್ತು ಕುರ್ಚಿ.
ಬೆತ್ತವಲ್ಲ, ಬೆತ್ತದ ಬಣ್ಣದ ಪ್ಲಾಸ್ಟಿಕ್ಕು.
ಆಗಸ್ಟಿನ ಬಿಸಿಲಿಗೆ ಚಟ್ಟನೆ ಹರಿಯುತ್ತದೆ,
ಹರಿದದ್ದನ್ನು ಕಟ್ಟುವುದು ನನ್ನ ನೌಕರಿ.
ವೀಸಾದಲ್ಲಿ ಬರೆದಿರುವುದು: ಕ್ಲೀನರ್.

ಹಳಿಯಾಳದ ಮೇದಾರ ಕೇರಿಯವನು ನಾನು.
ಬಿದಿರೆಲ್ಲ ಲಾರಿ ಹತ್ತಿ ಕಾಗದದ ಕಾರ್ಖಾನೆಗೆ ಹೋದ ಮೇಲೆ
ಅಪ್ಪ ಕತ್ತಿಯನ್ನು ಜಂತಿಗೆ ಸಿಕ್ಕಿಸಿ
ಮೊರ ಕೇಳಿ ಬಂದವರಿಗೆ
ಬರೀ ಮಾತು ಕೊಟ್ಟು ಕಳಿಸುತ್ತಿದ್ದ.

ಶುಕ್ರವಾರ ಕರ್ಬಾಬಾದಿಗೆ ಹೋಗುತ್ತೇನೆ.
ಉಳಿದ ನಾಲ್ಕು ಖರ್ಜೂರದ ಮರಗಳ ನೆರಳಲ್ಲಿ
ಹಾಜಿ ಮಕ್ಕಿ, ಕಾಲ್ಬೆರಳ ಸಂದಿಯಲ್ಲಿ ಕಡ್ಡಿ ಹಿಡಿದು.
ಪರಸಪ್ಪ ಎನ್ನಲು ಅವನ ನಾಲಿಗೆಯಲ್ಲಿ ‘ಪ’ ಇಲ್ಲ.
ಬರಸಬ್ಬ, ಬರಸಬ್, ಕೊನೆಗೆ ಬರಸ್ತಿ.
ಅಂದರೆ ಗರಿಯ ಗುಡಿಸಲು.
ಅವನು ಹುಟ್ಟಿದ್ದೇ ಅಂಥದರಲ್ಲಿ.

ಮೊದಲ ದಿನ ಗರಿಯ ದಿಂಡು ಕೊಟ್ಟು ಸೀಳು ಅಂದ.
ಗೆಣ್ಣೇ ಇಲ್ಲ ಇದಕ್ಕೆ!
ಬಿದಿರಾದರೆ ಗೇಣಿಗೊಮ್ಮೆ ಕತ್ತಿ ತಡೆದು
ಯಾರ ಮಗ ನೀನು ಎಂದು ಕೇಳುತ್ತದೆ.
ಇದು ಕೇಳಲಿಲ್ಲ. ಸರ್ರನೆ ಹೆಬ್ಬೆರಳಿಗೆ ಬಂತು.
ಹಾಜಿ ನಕ್ಕು ತನ್ನ ಹೆಬ್ಬೆರಳು ತೋರಿಸಿದ:
ಅರ್ಧ ಉಗುರು.

ಅವನ ಅಜ್ಜ ಮುತ್ತಿನ ದೋಣಿಗಳಿಗೆ
ಖರ್ಜೂರ ತುಂಬುವ ಚೀಲ ಹೆಣೆದವನಂತೆ.
ಅಪ್ಪನದು ಮೀನಿನ ಕೂಳಿ, ಈಗದು ತಂತಿಯದು.
ಮೀನಿಗೇನು ಗೊತ್ತು, ಎಂದ.

ಈ ಸಲ ನಮ್ಮ ಹೋಟೆಲಿನದೇ ಆರ್ಡರು:
ಹಳೇ ಮಾದರಿಯ ತೊಟ್ಟಿಲು ಒಂದು,
ಬೆಳಗಿನ ತಿಂಡಿಯ ಮೇಜಿಗೆ, ಬ್ರೆಡ್ಡು ಇಡಲು.
ಬ್ರೆಡ್ಡಿನ ಮಾತು ಹೇಳಲೋ ಬೇಡವೋ ಎಂದು ಹೇಳಿಯೇಬಿಟ್ಟೆ.
ಹಾಜಿ ಬಹಳ ಹೊತ್ತು ಮಾತಿಲ್ಲದೆ ತೂತು ಕೊರೆದ.
ಮೊಳೆಯಿಲ್ಲ, ದಾರವಿಲ್ಲ,
ಈ ತೂತಿನಿಂದ ಆ ತೂತಿಗೆ ಕಡ್ಡಿ.
ಇದು ಹೆಣಿಗೆಯೇ ಅಲ್ಲ ಎಂದು ನನ್ನ ವಾದ,
ಕನ್ನಡದಲ್ಲೇ ವಾದಿಸಿದೆ.

ಮುಗಿದ ಮೇಲೆ ಕಲ್ಲಂಗಡಿ ತಂದ,
ಮೂರು ತಿಂಗಳ ಕೂಸಿನ ತೂಕದ್ದು,
ಅಂಗಡಿಯಲ್ಲಿ ತೋಳ ಮೇಲೆ ಮಲಗಿಸಿ ಆರಿಸಿದ್ದು.
ತೊಟ್ಟಿಲಿಗೆ ಹಾಕಿ ತೂಗಿದ,
ಕೀಲು ಅಳುತ್ತದೆಯೇ ಎಂದು ಕಿವಿ ಹಚ್ಚಿದ.
ಅಳಲಿಲ್ಲ.
ಆಮೇಲೆ ಅದನ್ನು ಕೊಯ್ದು ತಿಂದೆವು.

ಇವತ್ತು ಬೆಳಿಗ್ಗೆ ಹತಾರಗಳ ಚೀಲ ಹೊತ್ತು
ತಿಂಡಿಯ ಕೋಣೆ ದಾಟುವಾಗ
ಆಚೀಚೆ ಒಮ್ಮೆ ನೋಡಿಕೊಂಡು
ಒಂದೇ ಬೆರಳಲ್ಲಿ ದೂಡಿದೆ.
ಬಿಳಿ ಬಟ್ಟೆ ಹೊದ್ದ ಬಿಸಿ ಬ್ರೆಡ್ಡು,
ನಾನು ಕೊಳದ ಬಾಗಿಲು ಮುಟ್ಟುವವರೆಗೂ
ತೂಗುತ್ತಲೇ ಇತ್ತು.