ಗುರುವಾರದ ಪಾಳಿ

ಅಂಕಾರಾದಲ್ಲಿ ಕಲಿತದ್ದು ಕೋಟು ಹಿಡಿಯುವುದು.
ರಾಯಭಾರಿಗಿಂತ ಅರ್ಧ ಹೆಜ್ಜೆ ಹಿಂದೆ,
ಮಳೆಗೂ ಮಾತಿಗೂ ಕೊಡೆ ಬಿಚ್ಚಿ.

ಲೀಮಾದಲ್ಲಿ ಎರಡನೇ ಕಾರ್ಯದರ್ಶಿ.
ಯಾರ ಪಕ್ಕ ಯಾರು ಕೂರಬಾರದೆಂಬುದು ಬಾಯಿಪಾಠ.
ಅಪ್ಪ ತೀರಿದ ಸುದ್ದಿ ಬಂದದ್ದು ಸೂಪು ಬಡಿಸುವಾಗ;
ಹಣ್ಣಿನ ತಟ್ಟೆ ಎತ್ತುವವರೆಗೂ
ತೂಲಿಕ್ಕಿ ನಗುತ್ತಲೇ ಇದ್ದಳು.

ಜಿನೀವಾ: ಒಂಬತ್ತು ಚಳಿಗಾಲ,
ಒಂದು ನದಿ, ಅದರ ಮೀನು, ಎರಡು ದೇಶ.
ಹದಿನೇಳನೇ ಕಲಮಿನ ಒಂದು ಅಲ್ಪವಿರಾಮ
ಅವಳು ಸರಿಸಿದ್ದು. ಯಾರಿಗೂ ಗೊತ್ತಿಲ್ಲ.
ಮೀನಿಗೆ ಗೊತ್ತಿರಬಹುದು.

ನೈರೋಬಿಯಲ್ಲಿ ಕೊನೆಗೂ ಕಾರಿನ ಮೂತಿಗೆ ಬಾವುಟ.
ಚಾಲಕ ಕಿಪ್ರೊನೊ ಕನ್ನಡಿಯಲ್ಲೇ ಹೇಳಿದ:
"ನೀವು ಏಳನೆಯವರು, ಮೇಡಂ. ಸೀಟು ಅದೇ."

ಈಗ ಹೆಲ್ಸಿಂಕಿ, ನಾಲ್ಕನೇ ಮಹಡಿ.
ಪಕ್ಕದ ಮನೆಯ ಒಲಾವಿ ಬಾಗಿಲು ತಟ್ಟುತ್ತಾನೆ:
ಗುರುವಾರ ಏಳರ ಸೌನಾ ಪಾಳಿ
ನಮಗೆ ಬಿಟ್ಟುಕೊಡ್ತೀರಾ? ನೆಂಟರಿದ್ದಾರೆ.

"ನೋಡೋಣ" ನಾಲಿಗೆಯ ತುದಿಗೇ ಬಂದಿತ್ತು,
ಮೂವತ್ತೆಂಟು ವರ್ಷ ಉರುಳಿ
ನುಣುಪಾದ ಪದ.
ನುಂಗಿಕೊಂಡಳು.

"ಇಲ್ಲ" ಎಂದಳು.
ತನ್ನ ದನಿಗೆ ತಾನೇ ಬೆಚ್ಚಿ,
ಬಾಗಿಲು ಮುಚ್ಚಿದ ಮೇಲೂ ಚಿಲಕ ಹಿಡಿದೇ ನಿಂತಳು.

ಗುರುವಾರ, ಕಾದ ಕಲ್ಲಿಗೆ ನೀರು ಚೆಲ್ಲಿದಾಗ
ನಗಲು
ಎದುರಿಗೆ ಯಾರೂ ಇರಲಿಲ್ಲ.