ಒತ್ತಿದ್ದು ಒಂದೇ ಸಲ

ಗ್ರಿಮ್ಸ್‌ಬಿಯ ಲೈಬ್ರರಿಯಲ್ಲಿ ಪುಸ್ತಕದ ಹಾಗೆಯೇ
ಮೂರು ವಾರಕ್ಕೆ ಕಡ ಕೊಡುತ್ತಾರೆ ಈ ಪೆಟ್ಟಿಗೆ.
ಬಿಳಿ ಬ್ರೆಡ್‌ಬೋರ್ಡು, ಮೈತುಂಬ ತೂತು;
ಹೆಬ್ಬೆರಳಗಲದ ಮೈಕ್ರೋಕಂಟ್ರೋಲರು;
ಎಲ್‌ಇಡಿ ಹದಿನೆಂಟು, ಎನ್ನುತ್ತದೆ ಮುಚ್ಚಳ.
ಎಣಿಸಿದೆ. ಹದಿನಾಲ್ಕು.

ಎಣಿಸುವುದೇ ನನ್ನ ಕಸುಬು. ರಾತ್ರಿ ಪಾಳಿ,
ಹಡಗುಕಟ್ಟೆಯ ಹಿಂದಿನ ಮೀನು ಕಾರ್ಖಾನೆ,
ಎರಡು ಜೊತೆ ಕೈಗವಸಿನೊಳಗೂ ಮರಗಟ್ಟುವ ಬೆರಳು.
ಶನಿವಾರ ಅವೇ ಬೆರಳು
ಕೂದಲೆಳೆಯಂಥ ತಂತಿಗೆ ತೂತು ಹುಡುಕುತ್ತವೆ.

ಪಕ್ಕದ ಕುರ್ಚಿಯಲ್ಲಿ ಕೀಲಿ, ಹದಿಮೂರು ವರ್ಷ.
(ನಮ್ಮಲ್ಲಿ ಅದು ಬೀಗದ ಹೆಂಡತಿಯ ಹೆಸರು ಎಂದೆ. ನಕ್ಕಳು.)
ಉದ್ದ ಕಾಲು ಯಾವ ಕಡೆ, ಗಿಡ್ಡ ಕಾಲು ಯಾವ ಕಡೆ
ಎಂದವಳು ಕೇಳಿದಾಗ ಬಾಯಿಗೆ ಬಂದದ್ದು
ಕುಮಟೆಯ ಶಾನಭಾಗ ಮೇಷ್ಟ್ರ ಮಾತು: ಧನ, ಋಣ.
ಕರೆಂಟಿಗೂ ಸಾಲದ ಲೆಕ್ಕ ಹಚ್ಚಿದ ಭಾಷೆ ನನ್ನದು;
ಇಂಗ್ಲಿಷಿಗೆ ತಿರುಗಿಸಹೋಗಿ ಬಿಟ್ಟುಬಿಟ್ಟೆ.

ಇಷ್ಟು ಸಣ್ಣ ದೀಪಕ್ಕೆ ರೆಸಿಸ್ಟರು ಯಾಕೆ
ಅಂದುಕೊಂಡು ನೇರ ಬ್ಯಾಟರಿಗೆ ಕೊಟ್ಟೆ.
ಹಬ್ಬದ ಹಾಗೆ ಒಮ್ಮೆ ಹೊತ್ತಿ,
ಸುಟ್ಟ ವಾಸನೆ ಬಿಟ್ಟು, ತಣ್ಣಗಾಯಿತು.
‘ಹದಿಮೂರು,’ ಎಂದಳು ಕೀಲಿ.
ಕಾಣೆಯಾದ ನಾಲ್ಕು ಎಲ್ಲಿ ಹೋದವೆಂದು ಆಗ ತಿಳಿಯಿತು.
ಕೆಂಪು, ಕೆಂಪು, ಕಂದು. ಇನ್ನೂರ ಇಪ್ಪತ್ತು ಓಮು.
ಇನ್ನು ಮರೆಯುವುದಿಲ್ಲ.

ಮೂರನೆಯ ಶನಿವಾರ ಗುಂಡಿ ಒತ್ತಿ ಎಣಿಸುವ ಪಾಠ.
ನಾನು ಒತ್ತಿದ್ದು ಒಂದೇ ಸಲ. ಪರದೆಯ ಮೇಲೆ ನಾಲ್ಕು.
ಮತ್ತೊಂದು ಸಲ. ಈಗ ಏಳು.
ಒಳಗಿನ ತಗಡು ನಡುಗುತ್ತದೆ, ಎಂದಳು ಹುಡುಗಿ.
ಕೈಜಾರಿ ನೆಲಕ್ಕೆ ಬಿದ್ದ ಸ್ಟೀಲ್ ತಟ್ಟೆ
ಗಲಗಲಗಲ ಸುತ್ತಿ, ಆಮೇಲಲ್ಲವೆ ತೆಪ್ಪಗಾಗುವುದು,
ಹಾಗೆ.
ಬಿದ್ದದ್ದು ಒಂದು ಎನ್ನುತ್ತೇವೆ ನಾವು;
ಚಿಪ್ಪಿಗೆ ಅಷ್ಟೂ ಸದ್ದು ಲೆಕ್ಕಕ್ಕೆ.
ಐವತ್ತು ಮಿಲಿಸೆಕೆಂಡು ಕಾಯಿಸು ಅದನ್ನು, ಸಾಕು.
ಒಂದು ಸಾಲು ಬರೆದೆವು. ಒಂದಕ್ಕೆ ಒಂದೇ ಆಯಿತು.
ತಾಳಿದವನು ಬಾಳಿಯಾನು ಎಂದು
ಹೊನ್ನಾವರದ ಬಸ್ಸೊಂದರ ಬೆನ್ನಿಗೆ ಬರೆದಿತ್ತು,
ಯಾರಿಗೆ ಹೇಳಿದ್ದೋ.

ಸೋಮವಾರ ರಾತ್ರಿ ಎರಡೂಕಾಲು.
ಬೆಲ್ಟಿನ ತುದಿಯ ಕೆಂಪು ಕಣ್ಣು ಹೇಳಿತು ನಾನೂರ ಹನ್ನೆರಡು,
ನನ್ನ ಚೀಟಿ ಹೇಳಿತು ನಾನೂರ ಒಂಬತ್ತು.
ಆ ಕಣ್ಣಿನೆದುರು ಹ್ಯಾಡಕ್ ಡಬ್ಬಿಯೊಂದು
ಅದುರುತ್ತ ನಿಂತದ್ದನ್ನು ನಾನು ನೋಡಿದ್ದೆ.
ಏಳು ವರ್ಷದಿಂದ ಇಂಥ ರಾತ್ರಿಗಳಲ್ಲಿ
ನನ್ನ ಹೆಸರಿನ ಮುಂದೆ ಬಿದ್ದ ಗುರುತುಗಳು ಎಷ್ಟೋ,
ಅವನ್ನು ಮಾತ್ರ ಎಣಿಸಿರಲಿಲ್ಲ.

ತಪ್ಪೆಣಿಕೆ ಎಂದು ಬರೆಯಲು ಕ್ರೇಗ್ ಪೆನ್ನು ತೆಗೆದ.
ತಾಳು, ಎಂದೆ. ಕನ್ನಡದಲ್ಲೇ ಬಂತು.
ಅವನು ಪೆನ್ನೆತ್ತಿಕೊಂಡೇ ನಿಂತ.