ಒಂದು ಸೊನ್ನೆ, ಒಂದು ಇಪ್ಪತ್ತೆಂಟು

ಭಾನುವಾರ ಸಂಜೆ, ಐದೂ ಇಪ್ಪತ್ತರ ಆಲ್ದೂರು ಗಾಡಿ.
ಚಿಕ್ಕಮಗಳೂರು ಸ್ಟ್ಯಾಂಡು ಬಿಡುವಾಗಲೇ ನಿಲ್ಲಲು ಜಾಗವಿಲ್ಲ.
ಕಾರ್ಡು ತೋರಿಸಿ, ಕಾರ್ಡು ತೋರಿಸಿ ಎನ್ನುತ್ತ
ಚೀಲಗಳ ನಡುವೆ ಒಂದೊಂದೇ ಕಾಲು ಊರುತ್ತೇನೆ.
ಸೊನ್ನೆ, ಸೊನ್ನೆ, ಸೊನ್ನೆ.
ಮೆಷಿನ್ನು ಉಗುಳಿದ ಚೀಟಿ ಕೈಗೆ ಬರುವಾಗ
ಇನ್ನೂ ಬೆಚ್ಚಗಿರುತ್ತದೆ.

ಮೂರನೇ ಸೀಟಿನಲ್ಲಿ ಬಿನೀತಾ ತಾಂತಿ.
ಅವಳು ಕಾರ್ಡು ತೆಗೆಯುವುದೇ ಇಲ್ಲ.
ಅದರಲ್ಲಿ ಅಸ್ಸಾಂ ಎಂದು ಬರೆದಿರುವುದು
ಅವಳಿಗೂ ಗೊತ್ತು, ನನಗೂ ಗೊತ್ತು.
ಬೆವರಿಗೆ ಮೆತ್ತಗಾದ ಮೂರು ಹತ್ತರ ನೋಟು ಮುಂದೆ ಬರುತ್ತವೆ.
ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಬೆನ್ನಿಗೆ ಎರಡು ಎಂದು ಗೀಚುತ್ತೇನೆ.
ಇಳಿಯುವಾಗ ಮರೆಯುವವಳಲ್ಲ.

ತೊಡೆಯ ಮೇಲೆ ಮಗಳು ಮೌಸುಮಿ, ಏಳು ವರ್ಷ,
ಹುಟ್ಟಿದ್ದು ಇಲ್ಲಿಯ ದೊಡ್ಡಾಸ್ಪತ್ರೆಯಲ್ಲಿ.
ಎಲೆಕ್ಷನ್ನಿಗೆ ನಿಂತವರ ಹಾಗೆ
ಕಾರ್ಡನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಾಳೆ.
ಅವಳಿಗೆ ಸೊನ್ನೆ.
ಕೂತದ್ದು ಒಂದೇ ಸೀಟು, ರಾಜ್ಯ ಎರಡು.

ಒಮ್ಮೆ ನನ್ನ ಹೆಬ್ಬೆರಳು ತಾಯಿಗೂ ಸೊನ್ನೆಯ ಮೇಲೆ ಹೋಗಿ ನಿಂತಿತ್ತು.
ಒತ್ತಲಿಲ್ಲ.
ಮುಂದೆ ವಸ್ತಾರೆಯಲ್ಲಿ ಚೆಕಿಂಗಿನವರು ನಿಂತಿದ್ದಾರೆಂದು
ಎದುರಿನ ಗಾಡಿಯವನು ಲೈಟು ಹೊಡೆದು ಹೋಗಿದ್ದ.
ಇಲ್ಲದಿದ್ದರೆ ಒತ್ತುತ್ತಿದ್ದೆ ಎಂದು
ಈಗ ಹೇಳಿಕೊಳ್ಳಬಹುದು.

ಇವತ್ತು ಕೇಳಿದೆ:
ಅಲ್ಲಿ ಚೆನ್ನಾಗೋ, ಇಲ್ಲಿ ಚೆನ್ನಾಗೋ?
ಅವರದ್ದು ಬೇರೆಯೇ ಮಾತು, ಅಸ್ಸಾಮಿಯೂ ಅಲ್ಲವಂತೆ.
ಮೂಗ್ತಿಹಳ್ಳಿ ದಾಟಿದ ಮೇಲೆ ಶುರು ಮಾಡಿದವಳು
ವಸ್ತಾರೆ ಹತ್ತಿರವಾಗುವವರೆಗೂ ಕಿಟಕಿಗೆ ಹೇಳುತ್ತಲೇ ಇದ್ದಳು.
ಮೌಸುಮಿ ಅದನ್ನು ಹೀಗೆ ಇಳಿಸಿದಳು:

'ಅಲ್ಲಿ ಟೀ ಎಲೆ, ಇಲ್ಲಿ ಕಾಫಿ ಹಣ್ಣು.
ಅಲ್ಲಿ ಸಂಜೆವರೆಗೂ ಮಾಡಿದ್ರೆ ಸಿಗೋದು
ಇಲ್ಲಿ ಊಟದ ಹೊತ್ತಿಗೇ ಆಗೋಗತ್ತಂತೆ.
ಅಲ್ಲಿ ಟೀಗೆ ಉಪ್ಪು ಹಾಕ್ಕೊಂಡು ಕುಡೀತಾರೆ, ಛೀ.
ನದಿ ಬಂದ್ರೆ ಶಾಲೆಗೆ ರಜ. ಇಲ್ಲಿ ನದಿ ಬರಲ್ಲ.
ಆನೆ ಎರಡೂ ಕಡೆ ಇದೆ.
ನಮ್ಮಕ್ಕ ಅಲ್ಲೇ ಇದಾಳೆ. ನಾನು ನೋಡಿಲ್ಲ.'

ಅಷ್ಟು ದೂರ ಆಡಿದ ಮಾತು ಇಷ್ಟೇ ಇರಲಾರದು.
ಮಧ್ಯದಲ್ಲೊಂದು ಕಡೆ ಗಂಟಲು ಸಿಕ್ಕಿಕೊಂಡಿತಲ್ಲ,
ಅಲ್ಲೇನು ಹೇಳಿದಳು ಎಂದೆ.
'ಉಪ್ಪಿಂದು' ಎಂದಳು ಹುಡುಗಿ.

ನನ್ನನ್ನು ಯಾರೂ ಹೀಗೆ ಕೇಳುವುದಿಲ್ಲ.
ಲಿಂಗಸೂಗೂರಿನವಳು, ಈ ಡಿಪೋದಲ್ಲಿ ಒಂಬತ್ತು ವರ್ಷ.
ಕಾರ್ಡಿನಲ್ಲಿ ರಾಜ್ಯ ಒಂದೇ, ಹೋಲಿಸಲು ಏನಿದೆ?
ಅವ್ವ ಫೋನಿನಲ್ಲಿ 'ನೀರು ಬರ್ತಾವೇನ?' ಎಂದಾಗ
ತಿರುಗಿಸಿದರೆ ಬರುತ್ತದೆ ಎಂದು ಹೇಳಲು
ನಾಲಿಗೆ ಯಾಕೋ ಎಳೆಯುತ್ತದೆ.
ಇಲ್ಲಿಯ ಹಿಟ್ಟಿನಲ್ಲಿ ರೊಟ್ಟಿ ಬಿರಿಯುತ್ತದೆ,
ನನ್ನ 'ಹೌದ್ರಿ'ಗೆ ರೆಸ್ಟ್ ರೂಮಿನಲ್ಲಿ ಇನ್ನೂ ನಗುತ್ತಾರೆ,
ಊರಿಗೆ ಹೋದರೆ ತಂಗಿ ನನ್ನ 'ಇದೆ'ಗೆ ನಗುತ್ತಾಳೆ.

'ಅಮ್ಮ ಟಿಕೆಟ್ ಎಲ್ಲಾ ಎತ್ತಿಡ್ತಾಳೆ,' ಮೌಸುಮಿ ಹೇಳಿದಳು,
'ಡಬ್ಬೀಲಿ. ನಂದು ಬಿಸಾಕ್ತಾಳೆ.'
ಎಷ್ಟಾಯಿತು ಎಂದು ಲೆಕ್ಕ ಇರಬೇಕು.
ಆ ಕಾಗದದ ಅಕ್ಷರ ಬೇಸಿಗೆ ದಾಟುವುದಿಲ್ಲ,
ಒಲೆಯ ಹತ್ತಿರ ಇಟ್ಟರೆ ಇನ್ನೂ ಬೇಗ ಅಳಿಸಿಹೋಗುತ್ತದೆ
ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಗೇಟು ಬಂತು.

ಹೆಗಲಿಗೆ ಅಕ್ಕಿ ಚೀಲ, ಕೈಗೆ ಮಗಳು,
ಮೆಟ್ಟಿಲು ಇಳಿದು ತಿರುಗಿ ನೋಡದೆ ನಡೆದಳು.
ಸೀಟಿ ಊದಿದೆ. ಗಾಡಿ ಹೊರಟಿತು.
ತಿರುವು ದಾಟಿದ ಮೇಲೆ ಬ್ಯಾಗಿನೊಳಗೆ ಕೈ ಹಾಕಿದರೆ
ಎರಡು ರೂಪಾಯಿ.
ಇವತ್ತು ಕೇಳಲೇ ಇಲ್ಲ ಅವಳು.